ಹಿಂದೆ ನಡೆಯುವ ಯೋಧ

ಆಫೀಸಿನಲ್ಲಿ ಯಾರಾದರೂ ದನಿ ಏರಿಸಿದರೆ ನಾನು ನೀರು ಕುಡಿಯಲು ಎದ್ದುಹೋಗುವವನು. ಭಾನುವಾರ ಮಾತ್ರ ಬೆಳಗಾವಿ ಕೋಟೆಯ ಹತ್ತಿರ, ಶುಭದಾಕ್ಕನ ಮಹಡಿಯ ಕೋಣೆಯಲ್ಲಿ, ಮಾಂತ್ರಿಕನಾಗುತ್ತೇನೆ. ಅಕ್ಕ ಕತೆ ಹೇಳುತ್ತಾಳೆ. ನಾವು ಅದರೊಳಗಿನ ಪಾತ್ರಗಳಾಗಿ ದಾಳ ಉರುಳಿಸುತ್ತೇವೆ. ವರ್ಷವಿಡೀ ಸಾಕಿದ ನನ್ನ ಮಾಂತ್ರಿಕ ಇನ್ನೊಂದು ಗುಹೆ ದಾಟಿದರೆ ಬೆಂಕಿಯುಂಡೆ ಎಸೆಯುವ ವಿದ್ಯೆ ಸಿಗುವುದಿತ್ತು. ಸತ್ತರೆ ಮೊದಲಿನಿಂದ ಶುರು.

ಆ ವಾರ ಮೈಲಾರಲಿಂಗ ಹೊಸದಾಗಿ ಬಂದ. ಖಾನಾಪುರ ಕಡೆಯ ಕುರಿಗಾರರ ಮನೆಯವನು, ಮಚ್ಛೆಯ ಕಾರ್ಖಾನೆಯೊಂದರಲ್ಲಿ ಲೇಥ್ ಯಂತ್ರ ನಡೆಸುತ್ತಾನೆ. ಭುಜ ಓರೆ ಮಾಡಿ ಬಾಗಿಲು ದಾಟಿದ, ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದುಕೊಂಡು ಕುಡಿದ, ಕೇಳದೆ ಮಾತಾಡಲಿಲ್ಲ.

"ಇವಗ ಯೋಧನ ಪಾತ್ರ ಕೊಡ್ರಿ ಅಕ್ಕಾ," ಎಂದಳು ಸಾನಿಕಾ. ಅವಳು ನಮ್ಮ ವೈದ್ಯೆ.

ಶುಭದಾಕ್ಕ ಅವನಿಗೆ ತಿಳಿಸಿ ಹೇಳಿದಳು: "ಯೋಧಗ ಕಬ್ಬಿಣದ ಕವಚ ಐತಿ. ಏಟು ತಡೀತಾನ, ದಿನಾಪೂರ್ತಿ ಕತ್ತಿ ಬೀಸ್ತಾನ. ವೈದ್ಯೆ ಅಷ್ಟಕ್ಕಷ್ಟ ಹೊಡೀತಾಳ, ಖರೇ ಗಾಯ ವಾಸಿ ಮಾಡ್ತಾಳ. ಮಾಂತ್ರಿಕ ಒಂದ ಮಂತ್ರಾ ಹಾಕಿದ್ರ ಹತ್ತು ಮಂದಿ ಮಲಗ್ತಾರ. ಆಮ್ಯಾಲೆ ಅವ ಬರೇ ಪರಾಗ."

ಪರಾಗ ನನ್ನ ಹೆಸರು.

ಗುಹೆಯಲ್ಲಿ ಒಬ್ಬೊಬ್ಬರೇ ನಡೆಯುವಷ್ಟು ದಾರಿ. "ನಾ ಹಿಂದ ಬರ್ತೇನ್ರಿ. ಪರಾಗಣ್ಣ, ನೀವ ಮುಂದ ನಡೀರಿ," ಎಂದ ಮೈಲಾರಲಿಂಗ. ಅಂಥ ಭುಜದವನು ನನ್ನನ್ನು ಮುಂದಾಳು ಮಾಡಿದನೆಂದು ಹಿಗ್ಗಿ ನಡೆದೆ. ಇದ್ದೊಂದು ಮಂತ್ರವನ್ನೂ ಬಾವಲಿಗಳ ಮೇಲೆ ಶೋಕಿಗೆ ಖರ್ಚು ಮಾಡಿದೆ. ತಿರುವಿನಲ್ಲಿ ರಾಕ್ಷಸ. ಮೊದಲ ಏಟಿಗೇ ಜೀವ ಬಾಯಿಗೆ ಬಂತು.

"ಲೇ ಯೋಧಾ, ಓಡಿ ಬಾರಲೇ!" ಎಂದು ಕೂಗಿದೆ.

"ಈ ಸರದಿಗೆ ಆಗಂಗಿಲ್ಲ. ನಡುವ ಸಾನಿಕಾ ಅದಾಳ," ಎಂದಳು ಶುಭದಾಕ್ಕ.

"ಯಪ್ಪಾ, ಹಿಂದ್ಯಾಕ ನಿಂತಿ ನೀ?" ಎಂದು ಮೈಲಾರಲಿಂಗನನ್ನು ಕೇಳಿದೆ.

"ನಮ್ಮಲ್ಲಿ ಗಟ್ಟಿ ಆಳು ಹಿಂದನ ಇರ್ತಾನ್ರಿ. ತೋಳ ಹಿಂದುಳದ ಕುರೀನ ಹಿಡೀತೈತಿ."

"ಅಂದ್ರ ನಾ ಕುರಿಯೇನೋ?"

"ಏ ಇಲ್ರೀ. ಮುಂದ ನಡಿಯೋದು ಟಗರು," ಎಂದು ಸಮಾಧಾನ ಹೇಳಿದ.

ತಂಗಿಯರನ್ನು ಸಾಲೆಗೆ ಬಿಡುವಾಗಲೂ ಹಿಂದೆಯೇ ನಡೆದವನಂತೆ. ಬಸ್ಸಿಗೂ ಕೊನೆಗೇ ಹತ್ತುತ್ತಾನಂತೆ. ಅವನು ಇದನ್ನು ಹೇಳಿ ಮುಗಿಸುವಷ್ಟರಲ್ಲಿ ದಾಳ ಉರುಳಿ ನನ್ನ ಮಾಂತ್ರಿಕ ಸತ್ತ. ಮುಂದಿನ ಸರದಿಗೆ ಸಾನಿಕಾ ಗೋಡೆಗೆ ಅಂಟಿ ದಾರಿ ಬಿಟ್ಟಳು. ಮೈಲಾರಲಿಂಗ ಒಂದೇ ಏಟಿಗೆ ರಾಕ್ಷಸನನ್ನು ಕೆಡವಿದ.

"ಹೊಸಾ ಪಾತ್ರ ಯಾವ್ದು, ಪರಾಗ?" ಅಕ್ಕ ಕೇಳಿದಳು.

"ಯೋಧ. ಕವಚ ದಪ್ಪಂದು ಇರ್ಲಿ."

ಮೈಲಾರಲಿಂಗ ಚಾಪೆಯ ಮೇಲೆ ಸರಿದು ಜಾಗ ಮಾಡಿದ. "ಚಲೋ ಆತು. ಹಿಂದ ಬರ್ರಿ, ಇಬ್ರೂ ಕೂಡಿ ಕಾಯೂಣು."

ಸಾನಿಕಾ ನಮ್ಮಿಬ್ಬರನ್ನೂ ನೋಡಿದಳು. "ಹಂಗಾರ ಮುಂದ ಯಾರು ಹೋಗೋರು?"

ನಾನಾಗಲೇ ಹಿಂದೆ ಹೋಗಿ ಕುಳಿತಿದ್ದೆ.