ಮಾರುತಿ ಬೀಳಿಸದ ಹೂವು

ನಮ್ಮ ಓಣಿಯ ತುದಿಗೆ ಹೋದ ತಿಂಗಳು ಒಂದು ಮೋಟಾರು ರಿಪೇರಿ ಅಂಗಡಿ ಬಂದಿದೆ. ಬೆಳಿಗ್ಗೆ ಅವರು ಗಾಡಿಗಳ ಹಳೆಯ ಎಣ್ಣೆ ಇಳಿಸುವ ಹೊತ್ತಿಗೆ ಸುಟ್ಟ ವಾಸನೆಯೊಂದು ಮನೆಮನೆಗೂ ನುಗ್ಗುತ್ತದೆ. ಎದುರುಮನೆಯಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು ದಡದಡನೆ ಕಿಟಕಿ ಹಾಕುತ್ತಾಳೆ. ನಾನು ಮಾತ್ರ ತೆರೆದಿಡುತ್ತೇನೆ. ನಗಬೇಡಿ. ಮಲ್ಲಿಗೆಯ ವಾಸನೆ ಬಂದರೆ ಮದುವೆಯಾದ ಹೊಸತು ನೆನಪಾಗುತ್ತದೆ ಎನ್ನುವವರಿದ್ದಾರೆ. ನನಗೆ ಅದು ನೆನಪಾಗುವುದು ಸುಟ್ಟ ಎಣ್ಣೆಯ ವಾಸನೆಗೆ. ನಮ್ಮವರು ಆಗ ಸಂಜೆ ಮನೆಗೆ ಬರುತ್ತಿದ್ದುದೇ ಈ ವಾಸನೆಯನ್ನು ಮೈಗೆಲ್ಲ ಮೆತ್ತಿಕೊಂಡು.

ಇವತ್ತು ಆ ವಾಸನೆ ಒಳಗೆ ಬಂದಾಗ ನಾನು ದೇವರ ಗೂಡಿನ ಮುಂದೆ ಎರಡು ಕಣಗಿಲೆ ಹೂ ಹಿಡಿದು ನಿಂತಿದ್ದೆ. ನಮ್ಮ ಮಹಿಳಾ ಮಂಡಳದಿಂದ ಧಾರವಾಡಕ್ಕೆ ಹಾಡಲು ನಾಲ್ವರು ಹೋಗಬೇಕಾಗಿದೆ. ಮೂವರು ನಿಶ್ಚಯವಾಗಿದ್ದಾರೆ. ನಾಲ್ಕನೆಯವಳನ್ನು ಆರಿಸುವ ಭಾರ ನನ್ನ ತಲೆಯ ಮೇಲೆ ಬಿದ್ದಿದೆ. ಒಬ್ಬಳು ಶಾಂತಾಬಾಯಿ, ಮಂಡಳದ ಪೂಜೆಯನ್ನು ಒಂದು ವಾರವೂ ತಪ್ಪಿಸಿದವಳಲ್ಲ. ಇನ್ನೊಬ್ಬಳು ಹೊಲಿಗೆಯ ಮುಮ್ತಾಜ್. ಪೂಜೆಗೆ ಬರುವವಳಲ್ಲ, ಆದರೆ ಅವಳು ಹಾಡಿದರೆ ಒಲೆಯ ಮೇಲೆ ಹಾಲು ಉಕ್ಕಿದರೂ ಯಾರೂ ಏಳುವುದಿಲ್ಲ. ದೇವರನ್ನೇ ಕೇಳಿಬಿಡೋಣ ಎಂದು ಹೂ ಒದ್ದೆ ಮಾಡಿಕೊಂಡಿದ್ದೆ. ಅಷ್ಟರಲ್ಲಿ ಈ ಎಣ್ಣೆಯ ವಾಸನೆ.

ನನ್ನ ತವರು ಬನಹಟ್ಟಿ. ಮನೆಯ ತುಂಬ ಮಗ್ಗ. ಜಮಖಂಡಿಯ ವರ ಏನು ಮಾಡುತ್ತಾನೆ ಎಂದು ಅಪ್ಪ ಕೇಳಿದಾಗ, ಮಧ್ಯಸ್ಥರು ‘ಗಾಲ್ಫ್ ಆಡ್ತಾನ್ರಿ, ಪಗಾರ ಕೊಡ್ತಾರ’ ಎಂದರಂತೆ. ಅಪ್ಪ ಬಾಯಿಗಿಡುತ್ತಿದ್ದ ಎಲೆಯಡಿಕೆಯನ್ನು ಕೈಯಲ್ಲೇ ಹಿಡಿದು, ‘ಆಡಾಕ ಪಗಾರ ಕೊಟ್ರ, ದುಡಿಯಾಕ ಏನ ಕೊಡತಾರ್ರಿ?’ ಎಂದು ಕೇಳಿದರಂತೆ. ಆದರೂ ಮಗಳನ್ನು ಕೊಟ್ಟರು. ಸಂಸ್ಥಾನದ ಪಗಾರ ಎಂಬ ಮಾತಿಗೆ ಆಗ ಅಷ್ಟು ತೂಕವಿತ್ತು.

ಸಂಸ್ಥಾನದ ಕಾಲದಲ್ಲಿ ಬಿಳಿ ಸಾಹೇಬರು ಗುಡ್ಡದ ಕೆಳಗಿನ ಬಯಲಿನಲ್ಲಿ ಆಟಕ್ಕೆ ಜಾಗ ಮಾಡಿಕೊಂಡಿದ್ದರು. ಗಾಲ್ಫ್ ಎಂದೊಡನೆ ನೀವು ಹಸಿರು ಹುಲ್ಲು ನೆನೆದುಕೊಂಡರೆ ತಪ್ಪು. ನಮ್ಮ ಕಡೆಯ ಬಿಸಿಲಿಗೆ ಅಂಥ ಹುಲ್ಲೆಲ್ಲಿ? ಚೆಂಡು ಬೀಳುವ ಕುಣಿಯ ಸುತ್ತ ಉಸುಕು ಹರವಿ, ಅದು ಗಾಳಿಗೆ ಹಾರದಂತೆ ಮೋಟಾರಿನ ಸುಟ್ಟ ಎಣ್ಣೆ ಕಲಸಿ, ಹಲಗೆ ಎಳೆದು ನೆಲವನ್ನು ಸಮ ಮಾಡುತ್ತಿದ್ದರು. ಆ ಕೆಲಸ ನಮ್ಮವರದು. ಸಾಹೇಬರ ಕೋಲಿನ ಚೀಲ ಹೊರುತ್ತ ಹೊರುತ್ತ ಆಟ ಕಲಿತು, ಕೊನೆಗೆ ಸಾಹೇಬರಿಗೇ ಕಲಿಸುವವರಾಗಿದ್ದರು. ಕುರಿಗಾರರ ಮುಧೋಳ ನಾಯಿಯೊಂದು ಆಗಾಗ ಬಂದು ಚೆಂಡು ಕಚ್ಚಿಕೊಂಡು ಓಡುತ್ತಿತ್ತು. ಅದನ್ನು ಓಡಿ ಹಿಡಿಯುವವರು ಭೂಮಿಯ ಮೇಲೆ ಹುಟ್ಟಿಲ್ಲ. ‘ಊರಾಗ ಎಲ್ಲಾರಕಿಂತ ದೂರ ಚೆಂಡ ಒಯ್ಯಾಂವ ಆ ನಾಯೀನ’ ಎಂದು ನಮ್ಮವರು ನಗುತ್ತಿದ್ದರು. ಅದು ಬಿಟ್ಟುಹೋದ, ಹಲ್ಲಿನ ಗುರುತು ಮೂಡಿದ ಒಂದು ಚೆಂಡು ಈಗಲೂ ನನ್ನ ಸೂಜಿದಾರದ ಡಬ್ಬಿಯಲ್ಲಿದೆ. ಸ್ವೆಟರಿನ ಮೊಣಕೈ ಹೊಲಿಯುವಾಗ ಒಳಗಿಟ್ಟುಕೊಳ್ಳಲು ಅದರಂಥದು ಇನ್ನೊಂದಿಲ್ಲ.

ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂತು. ಸಾಹೇಬರು ಹೋದರು, ಬಯಲು ಉಳಿಯಿತು. ಊರಿನ ವಕೀಲರು, ಅಡತಿ ವ್ಯಾಪಾರಿಗಳು ಸೇರಿ ಕ್ಲಬ್ಬನ್ನು ನಡೆಸಿದರು. ಕ್ಯಾಪ್ಟನ್ ಆದವರು ರಾವಸಾಹೇಬರು, ಸಂಸ್ಥಾನದ ನಿವೃತ್ತ ಮಾಮಲೇದಾರರು. ದತ್ತನ ದೊಡ್ಡ ಭಕ್ತರು. ಗುರುವಾರ ಸಂಜೆ ಅವರ ವಾಡೆಯಲ್ಲಿ ಭಜನೆ. ಒಟ್ಟಿಗೆ ಭಜನೆ ಮಾಡಿದವರ ಮನಸ್ಸು ಒಂದಾಗುತ್ತದೆ, ಮನಸ್ಸು ಒಂದಾದವರೇ ಟೀಮು ಎಂದು ಅವರು ಖರೇನೇ ನಂಬಿದ್ದರು. ಅದರಲ್ಲಿ ಕಪಟವೇನೂ ಇರಲಿಲ್ಲ. ಕಪಟವಿದ್ದದ್ದು ಉಳಿದವರಲ್ಲಿ. ಚೆಂಡು ಹೊಡೆಯಲು ಬಾರದವರೆಲ್ಲ ತಾಳ ಹೊಡೆಯಲು ಕಲಿತರು.

ಆ ವರ್ಷ ಬೆಳಗಾವಿಯವರ ಜೊತೆ ಆಟ ಗೊತ್ತಾಯಿತು. ಇಲ್ಲಿಂದ ನಾಲ್ವರು ಹೋಗಬೇಕು. ಕ್ಲಬ್ಬಿನ ಪಂಚರು ಕೂತು ಇನ್ನೊಂದು ಮಾತನ್ನೂ ಆಡಿ ಮುಗಿಸಿದರು: ಪಗಾರದ ಆಟಗಾರ ಆ ನಾಲ್ವರಲ್ಲಿ ಇಲ್ಲದಿದ್ದರೆ ಅವನಿಗೆ ಪಗಾರ ಯಾಕೆ? ಹಲಗೆ ಎಳೆಯಲು ಕಾವಲುಗಾರ ಸಾಕು. ನಮ್ಮವರು ಇದನ್ನು ಊಟಕ್ಕೆ ಕೂತಾಗ ಹೇಳಿದರು. ಹೇಳಿ ಇನ್ನೊಂದು ರೊಟ್ಟಿ ಕೇಳಿದರು. ನನಗೆ ರೊಟ್ಟಿ ಹರಿಯಲೇ ಆಗಲಿಲ್ಲ. ನೌಕರಿ ಹೋದರೆ ಬನಹಟ್ಟಿಗೆ ಹೋಗಿ ಅಣ್ಣನ ಮನೆಯ ಮಗ್ಗದಲ್ಲಿ ಕೂಡಬೇಕು. ಮಗ್ಗಕ್ಕೆ ನಾನು ಹೆದರುವವಳಲ್ಲ. ಆದರೆ ಬಯಲಿನಲ್ಲಿ ಬೆಳೆದ ಈ ಎತ್ತರದ ಮನುಷ್ಯ ಮಗ್ಗದ ಕುಣಿಯಲ್ಲಿ ಕಾಲಿಟ್ಟು, ಭಾವಮೈದುನನ ಮುಂದೆ ತಲೆ ತಗ್ಗಿಸಿ ಕೂಡುವುದನ್ನು ನೋಡಲು ನಾನು ತಯಾರಿರಲಿಲ್ಲ.

‘ಒಂದ ಗುರುವಾರ ಭಜನಿಗೆ ಹೋಗಿ ಬರ್ರಲ್ಲ. ಏನ ಗಂಟ ಹೋಗ್ತೈತಿ?’ ಎಂದೆ.

ಅವರು ಕೊರಳಿನ ಲಿಂಗವನ್ನು ಮುಟ್ಟಿಕೊಂಡರು. ‘ನನ್ನ ದೇವರು ಇಲ್ಲೇ ಅದಾನ. ದಿನಾ ಅಂಗೈಯಾಗ ಇಟಗೊಂಡು ಮಾತಾಡ್ತೇನಿ. ನೌಕರಿ ಸಲುವಾಗಿ ಮಂದಿ ಮನ್ಯಾಗ ತಾಳ ಬಡದ್ರ, ಆ ದೇವರಿಗೂ ಮೋಸ, ಈ ದೇವರಿಗೂ ಮೋಸ.’

ಹೀಗೆ ಹೇಳುವ ಗಂಡನಿಗೆ ಏನು ಹೇಳುತ್ತೀರಿ? ನಾನೇ ದೇವರ ಬೆನ್ನು ಹತ್ತಿದೆ. ಸೋಮವಾರ ಈಶ್ವರನಿಗೆ ಉಪವಾಸ, ಗುರುವಾರ ದತ್ತನಿಗೆ, ಶನಿವಾರ ಮಾರುತಿಗೆ. ತವರಿನ ದೇವರಿಗೆ ಕಾಯಿ, ಅನಗವಾಡಿಯ ಹೊಳೆಗೆ ಉಡಿ. ಉಪವಾಸದಿಂದ ನಾನು ಸೊರಗಿದ್ದು ನೋಡಿ ನಮ್ಮವರು, ‘ಲೇ, ಯಾರಾರ ಒಬ್ಬ ದೇವರಿಗೆ ಹೇಳ. ಹಿಂಗಾದ್ರ ಅವರವರಾಗ ಜಗಳ ಹತ್ತೈತಿ’ ಎಂದರು.

ಟೀಮು ಹೊರಡುವ ದಿನ ಶನಿವಾರ. ಮಧ್ಯಾಹ್ನ ಕುಡಚಿ ಸ್ಟೇಶನ್ನಿಗೆ ಹೋಗುವ ಮೋಟಾರಿಗೆ ಹೊರಡಬೇಕು. ಮೂವರನ್ನು ರಾವಸಾಹೇಬರು ಮೊದಲೇ ಆರಿಸಿದ್ದರು, ಮೂವರೂ ಭಜನೆಯವರು. ನಾಲ್ಕನೆಯ ಜಾಗಕ್ಕೆ ಎರಡು ಹೆಸರಿದ್ದವು. ಒಂದು ನಮ್ಮವರದು. ಇನ್ನೊಂದು ವಾಸುಮಾಸ್ತರದು, ಇವರು ಭಜನೆಗೆ ಹಾರ್ಮೋನಿಯಂ ಪೇಟಿ ಬಾರಿಸುವವರು, ದೀಪಾವಳಿಯಿಂದೀಚೆಗೆ ಗಾಲ್ಫಿನ ಕೋಲನ್ನು ಕಸಬರಿಗೆಯಂತೆ ಹಿಡಿದು ಓಡಾಡುತ್ತಿದ್ದವರು. ನಿರ್ಣಯವನ್ನು ರಾವಸಾಹೇಬರು ಮಾರುತಿಗೆ ಬಿಟ್ಟರು.

ಹೂ ಕೇಳುವ ಪದ್ಧತಿ ನಿಮಗೆ ಗೊತ್ತಿರಬಹುದು. ದೇವರ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ, ಮನಸ್ಸಿನ ಮಾತನ್ನು ದೇವರ ಮುಂದಿಟ್ಟು ಕೂಡುವುದು. ಯಾವ ಕಡೆಯ ಹೂ ಮೊದಲು ಬೀಳುತ್ತದೆಯೋ ಅದು ದೇವರ ಮಾತು. ಒಮ್ಮೆ ಕೇಳಿದ ಮೇಲೆ ಹೂ ಬೀಳುವವರೆಗೆ ಏಳುವಂತಿಲ್ಲ. ಅಂದು ಬಲಕ್ಕೆ ವಾಸುಮಾಸ್ತರು, ಎಡಕ್ಕೆ ನಮ್ಮವರು ಎಂದು ಪೂಜಾರಿ ಎಲ್ಲರಿಗೂ ಕೇಳುವಂತೆ ಹೇಳಿ ಹೂ ಅಂಟಿಸಿದ. ನಾನು ಗುಡಿಯ ಕಂಬದ ಹಿಂದೆ ನಿಂತಿದ್ದೆ. ರಾವಸಾಹೇಬರ ಹೆಂಡತಿ, ನಾವೆಲ್ಲ ಕಾಕೂ ಎನ್ನುತ್ತಿದ್ದವರು, ನನ್ನನ್ನು ಕೈಹಿಡಿದು ಮುಂದೆ ಕೂಡಿಸಿಕೊಂಡರು. ನಮ್ಮವರು ಬಂದಿರಲಿಲ್ಲ. ಎಂದಿನಂತೆ ಬಯಲಿನಲ್ಲಿ ಹಲಗೆ ಎಳೆಯುತ್ತಿದ್ದರು.

ಹೊಸ ಕ್ಯಾನ್ವಾಸ್ ಬೂಟುಗಳನ್ನು ಕಂಕುಳಲ್ಲಿ ಹಿಡಿದ ವಾಸುಮಾಸ್ತರು ಮೆಲ್ಲಗೆ ನನ್ನ ಕಡೆ ಬಗ್ಗಿದರು. ‘ತಂಗೀ, ನೀ ಭಾಳ ಉಪವಾಸ ಮಾಡ್ಲಿಕ್ಹತ್ತೀಯಂತ. ನನ್ನ ಸಲುವಾಗಿಯೂ ಒಂದು ಮಾತು ಹಾಕವಾ. ಹೂ ಎಡಕ್ಕ ಬೀಳಲಿ ಅಂತ.’

‘ಅಲ್ರೀ ಮಾಸ್ತರ, ನಿಮಗ ಹೋಗೂದು ಬ್ಯಾಡೇನ್ರಿ?’

‘ಬೆಳಗಾವಿಯೊಳಗ ನನ್ನ ಬೀಗರಿದ್ದಾರ. ಆಟ ನೋಡ್ಲಿಕ್ಕೆ ಬರ್ತಾರಂತ! ರಾವಸಾಹೇಬರಿಗೆ ಒಲ್ಲೆ ಅನ್ಲಿಕ್ಕೆ ನನಗ ಬಾಯಿಲ್ಲ.’

ಎಲ್ಲರೂ ಹೂ ನೋಡುತ್ತ ಕೂತೆವು. ಹೂ ಬೀಳಲಿಲ್ಲ. ರಾವಸಾಹೇಬರು ಸ್ತೋತ್ರ ಹೇಳಿ ಮುಗಿಸಿ ಮತ್ತೆ ಮೊದಲಿನಿಂದ ಹಿಡಿದರು. ಬಿಸಿಲು ಮೆಟ್ಟಿಲು ಬಿಟ್ಟು ಒಳಗೆ ಬಂತು. ಒಂದು ಸಲ ಬಲಗಡೆಯ ಹೂ ಅಲುಗಿದಂತಾಗಿ ನನ್ನ ಜೀವ ಬಾಯಿಗೆ ಬಂತು, ವಾಸುಮಾಸ್ತರ ಜೀವವೂ. ನೋಡಿದರೆ ಅದೊಂದು ನೊಣ. ಹೊರಗೆ ಮೋಟಾರಿನ ಕಂಡಕ್ಟರ್ ಭೋಂಪು ಒತ್ತತೊಡಗಿದ. ಆಯ್ಕೆಯಾದ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏಳುವ ಧೈರ್ಯ ಯಾರಿಗೂ ಇಲ್ಲ.

ಆಗ ಕಾಕೂ ಮಾತಾಡಿದರು. ಗುಡಿಯಲ್ಲಿ ಹೆಂಗಸರು ಗಂಡಸರ ನಡುವೆ ಬಾಯಿ ಹಾಕದ ಕಾಲ ಅದು. ‘ಅಲ್ಲಾ, ನಾ ಒಂದು ಕೇಳ್ತೀನಿ. ಈ ಇಬ್ಬರೊಳಗ ಛಲೋ ಆಡಾಂವ ಯಾರು ಅಂತ ನಿಮಗ ಗೊತ್ತಿಲ್ಲೇನು?’

ರಾವಸಾಹೇಬರು ಕಣ್ಣು ತೆರೆಯಲಿಲ್ಲ. ‘ಅದು ಎಲ್ಲಾರಿಗೂ ಗೊತ್ತದ.’

‘ಮತ್ತ, ಗೊತ್ತಿದ್ದದ್ದನ್ನ ದೇವರಿಗೆ ಕೇಳೂದಂದ್ರ ಅವನ ಪರೀಕ್ಷಾ ಮಾಡಿದ್ಹಂಗ ಅಂತ ಗುರುವಾರ ಗುರುವಾರ ಹೇಳಾವರು ಯಾರು? ನೀವೋ, ನಾನೋ? ಸಾರಿಗೆ ಉಪ್ಪು ಹಾಕ್ಲೋ ಬ್ಯಾಡೋ ಅಂತ ನಾ ಎಂದಾದರೂ ಹೂ ಕೇಳೀನೇನು?’

ರಾವಸಾಹೇಬರು ಕಣ್ಣು ತೆರೆದರು. ಅವರ ಮುಖ ಕೆಂಪಾಯಿತು, ಮೆಲ್ಲಗೆ ತಿಳಿಯಾಯಿತು. ಆಮೇಲೆ ಮಾರುತಿಗೆ ಉದ್ದಕ್ಕೆ ಅಡ್ಡಬಿದ್ದು, ಎದ್ದು ಗಲ್ಲ ಬಡಿದುಕೊಂಡರು.

‘ಪೂಜಾರಪ್ಪಾ, ಹೂ ಇಳಸು. ಉತ್ತರಾ ಕೊಟ್ಟಾನ. ಕೇಳಬಾರದ್ದು ಕೇಳಿದ್ದೆ, ಅದಕ್ಕ ಸುಮ್ಮನ ಕೂತಾನ.’ ನನ್ನ ಕಡೆ ತಿರುಗಿದರು. ‘ನಿನ್ನ ಯಜಮಾನ್ರು ಎಲ್ಲಿದ್ದಾರವಾ?’

‘ಬಯಲಾಗ... ಹಲಗಿ ಎಳ್ಯಾಕತ್ತಾರ್ರಿ,’ ಎಂದೆ.

‘ಮೋಟಾರು ಆ ಕಡೆಯಿಂದನ ಹೋಗಲಿ. ಹಂಗ ಹತ್ತಿಸಿಕೊಳ್ರಿ. ಸ್ನಾನಾ ಗೀನಾ ಅಂತ ಕೂಡಬ್ಯಾಡಂತ ಹೇಳ್ರಿ!’

ಎಲ್ಲರಿಗಿಂತ ಮೊದಲು ಗುಡಿಯ ಹೊರಗೆ ಬಿದ್ದವರು ವಾಸುಮಾಸ್ತರು. ಕಟ್ಟೆಯ ಮೇಲೆ ಕೂತು, ಟೋಪಿ ತೆಗೆದು ಗಾಳಿ ಹಾಕಿಕೊಂಡು, ‘ಮಾರುತಿರಾಯಾ, ಬೀಗರ ಮುಂದ ಮಾನಾ ಉಳಿಸಿದ್ಯೋ’ ಎಂದು ಅಳುವುದೋ ನಗುವುದೋ ತಿಳಿಯದೆ ಕೂತರು. ಹೊಸ ಬೂಟುಗಳನ್ನು ನಮ್ಮವರಿಗೆಂದು ಕೊಟ್ಟು ಕಳಿಸಿದರು. ನಮ್ಮವರ ಕಾಲಿನ ಬೆರಳೂ ಅದರಲ್ಲಿ ಹಿಡಿಸಲಿಲ್ಲ. ಚಪ್ಪಲಿಯಲ್ಲೇ ಮೋಟಾರು ಹತ್ತಿದರು. ಕುಡಚಿಯವರೆಗೂ ಜನ ಎಣ್ಣೆಯ ವಾಸನೆಗೆ ಮೂಗು ಹಿಡಿದು ಕೂತಿದ್ದರಂತೆ.

ನಾನು ಮನೆಗೆ ಬಂದು, ಬಾಗಿಲು ಮುಂದೆ ಮಾಡಿ, ಶನಿವಾರದ ಉಪವಾಸ ಮರೆತು ತಂಗಳ ರೊಟ್ಟಿಯನ್ನು ಖಾರದ ಚಟ್ನಿ ಹಚ್ಚಿಕೊಂಡು ತಿಂದೆ. ಎಷ್ಟೋ ವಾರಗಳ ಮೇಲೆ ತುತ್ತು ರುಚಿಯಾಗಿ ಇಳಿದದ್ದು ಅಂದೇ.

ಬೆಳಗಾವಿಯಲ್ಲಿ ನಮ್ಮವರು ತಮ್ಮ ಆಟ ಗೆದ್ದರು. ಉಳಿದ ಮೂವರು ಸೋತರು. ಸೋತವರಿಗೆ ಅಲ್ಲಿಯ ಕುಂದಾ ತಿಂದದ್ದೇ ಹೆಚ್ಚು ನೆನಪಿತ್ತು. ಪಗಾರ ಉಳಿಯಿತು. ನನ್ನ ಹರಕೆಗಳನ್ನು ತೀರಿಸುವುದು ಮಾತ್ರ ಮುಂದಿನ ಬೇಸಿಗೆಯವರೆಗೂ ನಡೆಯಿತು. ಅದಕ್ಕಿಂತ ಆಶ್ಚರ್ಯವಾದದ್ದು ಮರುವಾರ. ಗುರುವಾರ ಸಂಜೆ ನಮ್ಮವರು ಕೈಕಾಲು ತೊಳೆದು ಹೊಸ ಧೋತರ ಉಟ್ಟರು.

‘ಎಲ್ಲಿಗ್ರಿ?’

‘ಭಜನಿಗೆ.’

‘ಈಗ ಯಾಕ?’

‘ಈಗ ಹೋದ್ರ ಬರೇ ಹಾಡ ಕೇಳಾಕ ಹೋದ್ಹಂಗ,’ ಎಂದರು. ಹೋಗಿ ಹಿಂದಿನ ಸಾಲಿನಲ್ಲಿ ಕೂತು, ತಾಳ ತಪ್ಪಿಸಿ, ವಾಸುಮಾಸ್ತರ ಕೈಯಲ್ಲಿ ಬೈಸಿಕೊಂಡು ಬಂದರು.

ಬಹಳ ವರ್ಷಗಳ ಮೇಲೆ ಕಾಕೂ ಒಮ್ಮೆ ನಗುತ್ತ ಹೇಳಿದರು. ಆ ಬೆಳಿಗ್ಗೆ ಪೂಜಾರಿ ಮಾರುತಿಗೆ ಹೊಸದಾಗಿ ಎಣ್ಣೆ ಸಿಂಧೂರ ಬಳಿದಿದ್ದನಂತೆ, ದಪ್ಪಗೆ. ಹಸಿ ಸಿಂಧೂರಕ್ಕೆ ಅಂಟಿದ ಹೂ ಸಂಜೆಯವರೆಗೂ ಬೀಳುವುದಿಲ್ಲ ಎಂದು ಅವರಿಗೆ ನೋಡಿದೊಡನೆ ಗೊತ್ತಾಗಿತ್ತಂತೆ. ‘ಹಂಗಾರ ದೇವರು ಏನೂ ಹೇಳಿರಲಿಲ್ಲೇನ್ರಿ, ಕಾಕೂ?’ ಎಂದೆ, ಸ್ವಲ್ಪ ಸಪ್ಪಗಾಗಿ.

‘ಹುಚ್ಚಿ, ಅವತ್ತನ ಸಿಂಧೂರ ಬಡೀಬೇಕಂತ ಅವಗ ತೋಚಿಸಿದಾಂವ ಯಾರು?’ ಎಂದರು. ಆ ಮಾತನ್ನು ನಾನು ಅಲ್ಲಿಗೇ ಬಿಟ್ಟೆ, ಈಗಲೂ ಕೆದಕಿಲ್ಲ.

ಕೈಯಲ್ಲಿದ್ದ ಕಣಗಿಲೆಗಳಿಂದ ನೀರು ಇಳಿದು ಮೊಣಕೈಗೆ ಬಂದಿತ್ತು. ಹೂಗಳನ್ನು ದೇವರ ಭುಜಕ್ಕೆ ಅಂಟಿಸಲಿಲ್ಲ, ಪಾದದ ಮೇಲಿಟ್ಟೆ. ಅಂಗಳದಲ್ಲಿ ಪೇಪರು ಓದುತ್ತಿದ್ದ ನಮ್ಮವರು ಕನ್ನಡಕದ ಮೇಲಿಂದ ನೋಡಿದರು.

‘ಏನ ಕೇಳಿದಿ ದೇವರಿಗೆ, ಇಷ್ಟೊತ್ತು?’

‘ಏನೂ ಕೇಳಲಿಲ್ರಿ,’ ಎಂದೆ. ಮನಸ್ಸು ಹಗುರಾಗಿತ್ತು. ಚಪ್ಪಲಿ ಮೆಟ್ಟಿಕೊಂಡು, ಸುಟ್ಟ ಎಣ್ಣೆಯ ವಾಸನೆಯಲ್ಲೇ ಓಣಿ ದಾಟಿ, ಮುಮ್ತಾಜಳಿಗೆ ಧಾರವಾಡದ ಸುದ್ದಿ ಹೇಳಲು ಹೊರಟೆ.