ಹಿತ್ತಲ ಗೋಡೆಯ ಮೇಲಿನ ಗಾಜಿನ ಕೊಳವೆ

ನನ್ನ ಉಚ್ಚೆಯ ಬಣ್ಣ ನಮ್ಮ ಬೀದಿಗೆಲ್ಲ ಗೊತ್ತಿತ್ತು. ಬೆಳೆದ ಹುಡುಗಿಯೊಬ್ಬಳಿಗೆ ಇದಕ್ಕಿಂತ ಅಸಹ್ಯ ಇನ್ನೇನು ಬೇಕು?

ದೊಡ್ಡಬಳ್ಳಾಪುರದಲ್ಲಿ ನಮ್ಮದು ರೇಷ್ಮೆ ನೂಲಿಗೆ ಬಣ್ಣ ಹಾಕುವ ಮನೆ. ಎಂಬತ್ತರ ದಶಕ ಮುಗಿಯುತ್ತಿದ್ದಾಗ, ಹೈಸ್ಕೂಲಿನಲ್ಲಿದ್ದ ನನಗೆ ಸಕ್ಕರೆ ಕಾಯಿಲೆ ಬಂತು. ಬೆರಳು ಚುಚ್ಚಿ ರಕ್ತ ನೋಡುವ ಯಂತ್ರ ಆಗ ನಮ್ಮಂಥವರ ಮನೆಗೆ ಬಂದಿರಲಿಲ್ಲ. ಬೆಳಿಗ್ಗೆ ಎದ್ದು ಗಾಜಿನ ಕೊಳವೆಗೆ ಮೆಡಿಕಲ್ ಶಾಪಿನಿಂದ ತಂದ ನೀಲಿ ನೀರು ಹಾಕಿ, ಅದಕ್ಕೆ ಕೆಲವು ಹನಿ ಉಚ್ಚೆ ಬೆರೆಸಿ, ಹಿತ್ತಲಲ್ಲಿ ಕುದಿಸಬೇಕಿತ್ತು. ನೀಲಿಯಾಗೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಜಾಸ್ತಿ, ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಕೆಟ್ಟಿತು ಎಂದೇ ಲೆಕ್ಕ. ಆ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ.

ಬೇರೆಯವರ ಮನೆಯಾಗಿದ್ದರೆ ನೋಡಿ ಚೆಲ್ಲಿಬಿಡುತ್ತಿದ್ದರೋ ಏನೋ. ಅಪ್ಪ ಬಣ್ಣದವನು. ನೂಲಿನ ಲಡಿಯನ್ನು ಬಿಸಿಲಿಗೆ ಹಿಡಿದು ನೋಡುವ ಹಾಗೆಯೇ ನನ್ನ ಕೊಳವೆಯನ್ನೂ ಹಿಡಿದು, ತಿರುಗಿಸಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಆಮೇಲೆ ಅದನ್ನು ಹಿತ್ತಲ ಗೋಡೆಯ ಮೇಲೆ ನಿಲ್ಲಿಸಿಡುತ್ತಿದ್ದ. ಲಡಿ ಒಯ್ಯಲು ಬಂದವರೆಲ್ಲ ಕತ್ತು ಚಾಚಿ ಒಂದು ಮಾತು ಆಡಲೇಬೇಕು.

"ಏನಣ್ಣಾ, ಇವತ್ತು ಮಗಳದ್ದು ಒಳ್ಳೆ ಮಾವಿನಹಣ್ಣಿನ ಬಣ್ಣ ಬಂದೈತಲ್ಲ!"

ನಗು ಬೇರೆ. ಮಾವಿನಹಣ್ಣಿನ ಬಣ್ಣದ ಸೀರೆಯನ್ನು ನಾನು ಈ ಜನ್ಮದಲ್ಲಿ ಉಟ್ಟಿಲ್ಲ, ಉಡುವುದೂ ಇಲ್ಲ.

ಅಮ್ಮ ಚಿಕ್ಕಂದಿನಲ್ಲೇ ಹೋಗಿದ್ದಳು. ಮನೆ ನಡೆಸುತ್ತಿದ್ದವಳು ಅಪ್ಪನ ಅಕ್ಕ, ನನ್ನ ಸೋದರತ್ತೆ. ಹಾಗಲಕಾಯಿ ರಸ, ಬೇವಿನ ಸೊಪ್ಪು, ಯಾರೋ ಕೊಟ್ಟ ಕಪ್ಪು ಪುಡಿ, ಎಲ್ಲವನ್ನೂ ನನ್ನ ಗಂಟಲಿಗೆ ಸುರಿದವಳು ಅವಳೇ. ನನ್ನ ಹೊಟ್ಟೆಯೇನು ಹೊಟ್ಟೆಯೋ ಊರಿನವರ ಕಲಗಚ್ಚಿನ ಬಾನಿಯೋ ಎಂದು ರೇಗಿದರೆ, "ಒಳ್ಳೇದಕ್ಕೇ ಕಣೇ ಹೇಳೋದು" ಎಂಬ ಒಂದೇ ಉತ್ತರ. ಒಳ್ಳೆಯದು ಎಂಬ ಮಾತು ಕೇಳಿದರೇ ವಾಕರಿಕೆ ಬರುತ್ತಿತ್ತು.

ತೊಂಬತ್ತರ ದಶಕದ ಕೊನೆಗೆ ಬೆಂಗಳೂರಿನ ಡಾಕ್ಟರೊಬ್ಬರು ಹೊಸದೊಂದು ಮಿಷನ್ ತೋರಿಸಿದರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಸೊಂಟಕ್ಕೆ ಸಿಕ್ಕಿಸಿಕೊಂಡರೆ, ಸಣ್ಣ ಕೊಳವೆಯಿಂದ ಹೊಟ್ಟೆಯ ಚರ್ಮದೊಳಕ್ಕೆ ಇನ್ಸುಲಿನ್ ದಿನವಿಡೀ ಹನಿಹನಿಯಾಗಿ ಹೋಗುತ್ತಲೇ ಇರುತ್ತದಂತೆ. ಹೊತ್ತು ಹೊತ್ತಿಗೆ ಸಿರಿಂಜು ಚುಚ್ಚಿಕೊಳ್ಳುವ ಗೋಳಿಲ್ಲ. ಹೊರದೇಶದ್ದು, ಬೆಲೆ ಕೇಳಿದರೆ ಎದೆ ಒಡೆಯುವಂಥದ್ದು. ಡಾಕ್ಟರು ಅಷ್ಟನ್ನೂ ಅಪ್ಪನ ಮುಖ ನೋಡಿ ಹೇಳಿದರು. ಮಿಷನ್ನನ್ನೂ ಅಪ್ಪನ ಕೈಗೇ ಕೊಟ್ಟರು. ಅಪ್ಪ ಅತ್ತೆಗೆ ಕೊಟ್ಟ. ಅತ್ತೆ ಅದನ್ನು ಹಿಂದೆ ಮುಂದೆ ತಿರುವಿ, ಗುಂಡಿ ಒತ್ತಿ, ಮೂಸಿಯೂ ನೋಡಿದಳು. ಮಂಗನ ಕೈಯಲ್ಲಿ ಮಾಣಿಕ್ಯ! ಪಕ್ಕದಲ್ಲೇ ಕೂತಿದ್ದ ನನ್ನ ಕೈಗೆ ಮಾತ್ರ ಅದು ಬರಲಿಲ್ಲ. ನನಗೆ ಅದು ಬೇಕೋ ಬೇಡವೋ ಎಂದು ಯಾರೂ ಕೇಳಲಿಲ್ಲ.

"ಸೊಂಟದಲ್ಲಿ ಇದು ಉಬ್ಬಿಕೊಂಡಿದ್ರೆ ಯಾವನು ಕಟ್ಕೊತಾನೆ? ಮದುವೆ ಆಗ್ಲಿ, ಆಮೇಲೆ ಗಂಡನ ಮನೆಯೋರು ಹಾಕಿಸ್ಲಿ" ಎಂದು ಅತ್ತೆ ಬಸ್ಸಿನಲ್ಲೇ ತೀರ್ಪು ಕೊಟ್ಟಳು. ಅಕ್ಕಪಕ್ಕದ ಸೀಟಿನವರೂ ತಲೆಯಾಡಿಸಿದರು.

ಏಕೆಂದರೆ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ರೇಷ್ಮೆ ಸೀರೆ ವ್ಯಾಪಾರದ ಮನೆ; ಅಪ್ಪನ ಬಣ್ಣಕ್ಕೆ ಕಾಯಂ ಗಿರಾಕಿಗಳು. ಅವರ ಲಡಿಯನ್ನು ಅಪ್ಪನೇ ಅವರ ಊರಿಗೆ ಮುಟ್ಟಿಸಿ ಬರುತ್ತಿದ್ದ; ನಮ್ಮ ಹಿತ್ತಲನ್ನು ಅವರು ಕಂಡಿರಲಿಲ್ಲ, ನನ್ನ ಕಾಯಿಲೆಯ ವಿಷಯವೂ ಅವರಿಗೆ ಗೊತ್ತಿರಲಿಲ್ಲ. ಅತ್ತೆಯ ಉಪಾಯ ಸರಳ: ಅವರ ಎದುರಿಗೇ ನಾನು ಸಿಹಿ ತಿನ್ನಬೇಕು. ಜಹಾಂಗೀರು ತಿನ್ನುವ ಹುಡುಗಿಗೆ ಸಕ್ಕರೆ ಕಾಯಿಲೆ ಇದೆ ಎಂದು ಯಾರಾದರೂ ನಂಬುತ್ತಾರೆಯೇ? "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾನು ಒಂದೇ ಒಂದು ಹೇಳ್ತಿರೋದು" ಎಂದಳು.

ಅವರು ಬರುವ ದಿನ ಬೆಳಿಗ್ಗೆ ಕೊಳವೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಹೆದರಿಕೆಗೋ ಏನೋ, ಹಿಂದಿನ ರಾತ್ರಿಯಿಂದ ಬಾಯಿ ಒಣಗುತ್ತಲೇ ಇತ್ತು. ಅಪ್ಪ ಅದನ್ನು ಬಿಸಿಲಿಗೆ ಹಿಡಿದ. ಅತ್ತೆ ಅಡುಗೆ ಮನೆಯಿಂದಲೇ, "ಹೆಂಗೈತೆ? ಸಿಹಿ ತಿನ್ನಬೌದಾ?" ಎಂದು ಕೂಗಿದಳು.

ಅಪ್ಪ ನನ್ನ ಮುಖ ನೋಡಲಿಲ್ಲ. "ಹಸಿರೇ ಐತೆ ಬಿಡಕ್ಕ. ಒಂದು ತಿಂದ್ರೆ ಏನಾಗಲ್ಲ" ಎಂದ.

ನಾನು ಅಲ್ಲೇ ನಿಂತಿದ್ದೆ. ಗಿರಾಕಿ ತಂದ ಮಾದರಿ ತುಂಡಿಗಿಂತ ಕೂದಲೆಳೆಯಷ್ಟು ತಿಳಿಯಾದರೂ ಲಡಿಯನ್ನು ಮತ್ತೆ ಹಂಡೆಗೆ ಇಳಿಸುತ್ತಿದ್ದ ಮನುಷ್ಯ ಇವನೇ. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಯಾರಿಗೆ ಹೇಳುವುದು? ಅತ್ತೆಯ ಪುಡಿ, ಬೀದಿಯವರ ನಗು, ಯಾವುದೂ ನನಗೆ ಅಷ್ಟು ಹೇಸಿಗೆ ತಂದಿರಲಿಲ್ಲ.

ಮಧ್ಯಾಹ್ನ ಅವರು ಬಂದರು. ಹುಡುಗನ ತಾಯಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ತಟ್ಟೆಯಿಂದ ಜಹಾಂಗೀರು ತೆಗೆದು, "ಬಾಯಿ ತೆಗಿಯಮ್ಮ, ನಾನೇ ತಿನ್ನಿಸ್ತೀನಿ" ಎಂದರು. ಪಾಕ ಅವರ ಬೆರಳಿನಿಂದ ನನ್ನ ಮಡಿಲಿಗೆ ತೊಟ್ಟಿಕ್ಕಿತು.

ಎದ್ದು ಹಿತ್ತಲಿಗೆ ಹೋದೆ. ಕೊಳವೆ ಗೋಡೆಯ ಮೇಲೆ ಹಾಗೇ ಇತ್ತು. ತಂದು ಸಿಹಿಯ ತಟ್ಟೆಯ ಪಕ್ಕದಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ ಹಿಡಿದೆ.

"ಅಪ್ಪ, ಇದು ಯಾವ ಬಣ್ಣ? ಇವರ ಮುಂದೆ ಹೇಳು."

"ಲೇ, ಒಳಗೆ ನಡಿಯೇ!" ಎಂದು ಅತ್ತೆ ಕಿರುಚಿದಳು. ಹುಡುಗನ ತಾಯಿ ಜಹಾಂಗೀರು ಹಿಡಿದೇ ಕೂತಿದ್ದರು. ಅಪ್ಪ ತನ್ನ ಕೈ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಯಾವತ್ತೂ ಹೋಗದ ಬಣ್ಣ.

"ಇಟ್ಟಿಗೆ" ಎಂದ ಕೊನೆಗೆ. "ಮಗೂಗೆ ಸಕ್ಕರೆ ಕಾಯಿಲೆ ಐತೆ ಕಣಮ್ಮ. ಬೆಳಿಗ್ಗೇನೂ ಇಟ್ಟಿಗೆ ಬಣ್ಣಾನೇ ಇತ್ತು."

ಅವರು ಕಾಫಿ ಕುಡಿಯದೆ ಎದ್ದು ಹೋದರು. ಅತ್ತೆ ತಿಂಗಳುಗಟ್ಟಲೆ ನನ್ನೊಂದಿಗೆ ಮಾತು ಬಿಟ್ಟಳು. ಅಷ್ಟು ನೆಮ್ಮದಿ ನನಗೆ ಅದಕ್ಕೆ ಮೊದಲು ಸಿಕ್ಕಿರಲಿಲ್ಲ. ಅಪ್ಪ ತಪ್ಪಾಯಿತು ಎನ್ನಲಿಲ್ಲ. ನಾನೂ ಹೋಗಲಿ ಬಿಡು ಎನ್ನಲಿಲ್ಲ. ಆದರೆ ಮಾರನೆಯ ಬೆಳಿಗ್ಗೆಯಿಂದ ಅವನು ಕೊಳವೆ ಮುಟ್ಟಲಿಲ್ಲ, ಗೋಡೆಯ ಮೇಲೂ ಅದು ನಿಲ್ಲಲಿಲ್ಲ. ನೋಡಿದವಳು ನಾನು, ಚೆಲ್ಲಿದವಳೂ ನಾನು.

ಮುಂದಿನ ಸಲ ಡಾಕ್ಟರ ಹತ್ತಿರ ನಾವಿಬ್ಬರೇ ಹೋದೆವು. ಅವರು ಎಂದಿನಂತೆ ಅಪ್ಪನ ಕಡೆ ತಿರುಗಿ, "ಆ ಮಿಷನ್ ವಿಚಾರ ಏನು ಮಾಡಿದ್ರಿ ಯಜಮಾನ್ರೆ?" ಎಂದರು.

"ಅವಳನ್ನೇ ಕೇಳಿ ಸಾರ್" ಎಂದು ಅಪ್ಪ ಎದ್ದು ಹೊರಗೆ ಹೋದ.

ಡಾಕ್ಟರು ಕುರ್ಚಿ ತಿರುಗಿಸಿ ನನ್ನ ಮುಖ ನೋಡಿದರು. ಮೊದಲು ಅದನ್ನು ನನ್ನ ಕೈಗೆ ಕೊಡಿ ಎಂದೆ. ಕೊಟ್ಟರು. ಅದರ ಮೇಲೆ ಯಾರುಯಾರದೋ ಬೆರಳಿನ ಜಿಡ್ಡು ಮೆತ್ತಿತ್ತು. ಸೆರಗಿನಿಂದ ಚೆನ್ನಾಗಿ ಒರೆಸಿದೆ. ಆಮೇಲೆ ನೋಡಿದೆ.