ಪ್ರಿಯಂವದಾ ಮೇಡಂ ಎರಡನೇ ಸಲ ಕೇಳುವುದಿಲ್ಲ

ಹೈದರಾಬಾದಿನಲ್ಲಿ ನೇಪಾಳಿ ಕಲಿಯಬೇಕೆಂದು ಹೊರಟವರು, ದಾದಿಯರಿರಲಿ, ಸಂಶೋಧಕರಿರಲಿ, ಹಾಸ್ಟೆಲ್ ನಡೆಸುವವರಿರಲಿ, ಕಳೆದ ಮೂವತ್ತೊಂದು ವರ್ಷಗಳಲ್ಲಿ ತಾರ್ನಾಕದ ನಮ್ಮ ಭಾಷಾ ಕೇಂದ್ರದ ಮೆಟ್ಟಿಲು ಹತ್ತಲೇಬೇಕಿತ್ತು; ಹತ್ತಿದವರು ಶ್ರೀಮತಿ ಪ್ರಿಯಂವದಾ ದೇಶಪಾಂಡೆಯವರ ಕೈಗೆ ಸಿಗಲೇಬೇಕಿತ್ತು. ಅಜ್ಜನ ಕಾಲಕ್ಕೆ ಕಲಬುರಗಿಯಿಂದ ಸರಕಾರಿ ನೌಕರಿಗೆಂದು ಬಂದು ಇಲ್ಲಿಯೇ ನೆಲೆಸಿದ ಮನೆತನದ ಈ ಹೆಣ್ಣುಮಗಳು ಕಾಠ್ಮಂಡುವಿನಲ್ಲಿ ಎರಡು ವರ್ಷವಿದ್ದು ಆ ಭಾಷೆಯನ್ನು ಕಲಿತು ಬಂದರು. ಅಂದಿನಿಂದ ತರಗತಿಯಲ್ಲಿ ಅವರು ಕುರ್ಚಿಯ ಮೇಲೆ ಕುಳಿತದ್ದನ್ನು ಕಂಡವರಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕರಿಹಲಗೆಗೆ ನಡೆಯುತ್ತಲೇ ಪಾಠ ಹೇಳುವ ಅವರನ್ನು ನೋಡಲು ತಿರುಗಿ ತಿರುಗಿ ವಿದ್ಯಾರ್ಥಿಗಳ ಕತ್ತು ನೋಯುತ್ತಿದ್ದುದು ಮಾತ್ರ ನಿಜ.

ಬೇರೆಯವರು ಭಾಷೆಯನ್ನು ನಮಸ್ಕಾರದಿಂದ ಆರಂಭಿಸಿದರೆ ಮೇಡಂ ಇಷ್ಟಾನಿಷ್ಟಗಳಿಂದ ಆರಂಭಿಸುತ್ತಿದ್ದರು. ‘ತಪಾಈಲಾಈ ಕೇ ಮನ್ ಪರ್ಛ?’ ಎಂದರೆ ನಿಮಗೇನು ಇಷ್ಟ ಎಂದು. ‘ಮಲಾಈ ಚಿಯಾ ಮನ್ ಪರ್ಛ’ ಎಂದರೆ ನನಗೆ ಚಹಾ ಇಷ್ಟ. ‘ಮನ್ ಪರ್ದೈನ’ ಎಂದರೆ ಇಷ್ಟವಿಲ್ಲ. ಇಷ್ಟು ಬರೆದುಕೊಟ್ಟು ಎರಡೇ ಕಟ್ಟಳೆ ಹಾಕುತ್ತಿದ್ದರು. ಹೇಳುವುದು ಸುಳ್ಳಾಗಿರಬಾರದು, ‘ಏನಾದರೂ ನಡೀತದೆ’ ಎಂಬ ಉತ್ತರ ಕೂಡದು. ಸಂಕೋಚವನ್ನೇ ಮರ್ಯಾದೆ ಎಂದು ನಂಬಿದ ನಮ್ಮಂಥವರಿಗೆ ಹೊಸ ಭಾಷೆಗಿಂತ ಈ ಎರಡನೆಯ ಕಟ್ಟಳೆಯೇ ಕಷ್ಟವಾಗುತ್ತಿತ್ತು.

ಅಮೀರ್‌ಪೇಟ್‌ನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ನಡೆಸುತ್ತಿದ್ದ ಗುಂಡಮ್ಮನವರಿಗೆ ನಾಗರಿ ಲಿಪಿ ಬಾರದು. ಅವರೊಬ್ಬರಿಗಾಗಿ ಮೇಡಂ ಇಡೀ ಪಾಠವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಟ್ಟರು. ಆಕೆ ಹೋಗಿ ತಮ್ಮ ನೇಪಾಳಿ ಅಡಿಗೆಯವಳನ್ನು ನಿನಗೇನು ಇಷ್ಟವೆಂದು ಕೇಳಿದಾಗ, ಮೂರು ವರ್ಷದಿಂದ ದಿನಾಲೂ ಹುಳಿ ಸಾರಿನಲ್ಲಿ ಅನ್ನ ಕಲಸಿ ಉಣ್ಣುತ್ತಿದ್ದ ಆ ಹುಡುಗಿ ತನಗೆ ಹುಳಿಯೇ ಆಗದೆಂದು ಹೇಳಿದಳಂತೆ. ಗುಂಡಮ್ಮ ಮರುದಿನ ತರಗತಿಗೆ ಬಂದು ಅತ್ತೇಬಿಟ್ಟರು. ಆ ಕೈಬರಹದ ಪಾಠವೇ ಮುಂದೆ ನಮ್ಮ ಕೇಂದ್ರದ ಪಠ್ಯವಾಯಿತು.

ಮೇಡಂ ಅವರದು ಇನ್ನೊಂದು ಸ್ವಭಾವ. ಯಾರನ್ನೂ ಅವರು ಎರಡನೇ ಸಲ ಕೇಳುತ್ತಿರಲಿಲ್ಲ. ಇದನ್ನು ಎಲ್ಲರಿಗಿಂತ ಹೆಚ್ಚು ಅನುಭವಿಸಿದವರೆಂದರೆ ಶಿವಪ್ರಕಾಶರು. ಹನ್ನೆರಡು ವರ್ಷದ ಹಿಂದೆ ವಿದ್ಯಾರ್ಥಿಯಾಗಿ ಬಂದು ಇಲ್ಲಿಯೇ ಸಹಾಯಕರಾಗಿ ಉಳಿದ ಅವರದು ಭಾಲ್ಕಿ ಕಡೆಯ ವ್ಯಾಪಾರಸ್ಥರ ಮನೆ. ತಾಯಿ ಅಂಬವ್ವ ಮಗನಿಗೆ ಕಲಿಸಿದ್ದೇ ಬೇರೆ: ಯಾರಾದರೂ ಏನಾದರೂ ಕೊಡಬಂದರೆ ಒಮ್ಮೆಲೇ ಹೂಂ ಅನ್ನಬಾರದು, ಹಸಿದವರ ಹಾಗೆ ಕಾಣುತ್ತದೆ; ಮೊದಲು ಬೇಡ ಅನ್ನಬೇಕು, ಅವರು ಒತ್ತಾಯ ಮಾಡಿದ ಮೇಲೆ ತೆಗೆದುಕೊಳ್ಳಬೇಕು. ಮೊದಲ ಸಲ ಮೇಡಂ ಮನೆಗೆ ಹೋದಾಗ ಶಿವಪ್ರಕಾಶರು ಈ ಶಾಸ್ತ್ರದಂತೆ ಚಹಾ ಬೇಡವೆಂದರು. ಮೇಡಂ ಒಂದೇ ಕಪ್ಪು ತಂದುಕೊಂಡು ಕುಡಿದರು. ಇವರು ಒಣಗಿದ ಬಾಯಲ್ಲಿ ಎರಡು ತಾಸು ಕ್ರಿಯಾಪದ ತಿದ್ದಿದರು.

ಅಷ್ಟಾದರೂ ಬುದ್ಧಿ ಬರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದಲ್ಲ. ಈ ವರ್ಷದ ಫೆಬ್ರುವರಿಯಲ್ಲಿ ಮೇಡಂ ಅವರನ್ನು ಪಡಸಾಲೆಯಲ್ಲಿ ನಿಲ್ಲಿಸಿ, ತಾವು ನಿವೃತ್ತರಾದ ಮೇಲೆ ಆರಂಭದ ತರಗತಿಯನ್ನು ನಡೆಸಲು ಮನಸ್ಸಿದೆಯೇ ಎಂದು ಕೇಳಿದರು. ಹನ್ನೆರಡು ವರ್ಷ ಶಿವಪ್ರಕಾಶರು ಕಾದದ್ದು ಆ ಒಂದು ಮಾತಿಗೆ. ಬಾಯಿಂದ ಬಂದದ್ದು ಮಾತ್ರ, “ನಂದೇನೈತ್ರಿ ಮೇಡಂ, ಬ್ಯಾರೆ ಯಾರಿಗರೆ ಕೊಡ್ರಿ, ನಡೀತೈತಿ.”

ಮೇಡಂ ಸರಿ ಎಂದು ತಲೆಯಾಡಿಸಿ ಹೋದರು. ಅಂದೇ ಸಂಜೆ ನಿರ್ದೇಶಕರಾದ ವಿಜಯಕುಮಾರರಿಗೆ ಹಾಗೆಂದೇ ಬರೆದುಕೊಟ್ಟರು. ನಡೆಸುವವರಿಲ್ಲವೆಂದ ಮೇಲೆ ಜೂನ್‌ನಿಂದ ಆ ತರಗತಿಯನ್ನು ನಿಲ್ಲಿಸಿ, ಮೇಡಂ ಪಾಠಗಳ ವಿಡಿಯೊಗಳನ್ನಷ್ಟೇ ಇಡುವುದೆಂದು ವಾರದೊಳಗೆ ಸುತ್ತೋಲೆ ಬಂತು.

ಅಲ್ಲಿಂದ ಶಿವಪ್ರಕಾಶರಿಗೆ ಕುಳಿತಲ್ಲಿ ಕೂಡಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮೆಟ್ರೊದಲ್ಲಿ ತಾರ್ನಾಕ ದಾಟಿದ್ದು ಗೊತ್ತಾಗದೆ ಹಬ್ಸಿಗುಡದಲ್ಲಿ ಇಳಿದು ಮರಳಿ ಬಂದದ್ದು ಒಂದೆರಡು ದಿನವಲ್ಲ. ಇನ್ನೊಮ್ಮೆ ಕೇಳಿಯಾರು ಎಂದು ಹಾಜರಿ ಪುಸ್ತಕ, ಸೀಮೆಸುಣ್ಣ, ಪಂಖದ ಗಲಾಟೆ, ಏನಾದರೊಂದು ನೆಪ ಹಿಡಿದು ಮೇಡಂ ಮುಂದೆ ಸುಳಿದಾಡಿದರು. ಮೇಡಂ ಸೀಮೆಸುಣ್ಣದ ಬಗ್ಗೆಯೇ ಮಾತಾಡಿ ಕಳಿಸಿದರು. ಮನೆಯಲ್ಲಿ ಹೆಂಡತಿ ಸ್ನೇಹಲತಾ, ಕೇಳಿದಾಗ ಬೇಡವೆಂದು ಈಗ ಊಟ ಬಿಟ್ಟರೆ ಯಾರಿಗೆ ತಿಳಿಯಬೇಕು ಎಂದು ರೇಗಿದರು. ಶಿವಪ್ರಕಾಶರಿಗೆ ತಮ್ಮ ಮೇಲೆ ಸಿಟ್ಟು, ಮೇಡಂ ಮೇಲೂ ಸಿಟ್ಟು. ಆ ಸಿಟ್ಟು ಬಂದುದಕ್ಕೆ ಮತ್ತೆ ನಾಚಿಕೆ.

ಏಳು ವಾರ ಹೀಗೆಯೇ ಕಳೆದವು. ಏಪ್ರಿಲ್‌ನಲ್ಲಿ ಮೇಡಂ ಅವರ ಕೊನೆಯ ತರಗತಿ ನಡೆಯಿತು. ಪದ್ಧತಿಯಂತೆ ಹದಿನಾಲ್ಕು ಮಂದಿಯೂ ಎದ್ದು ನಿಂತು ಒಂದು ಇಷ್ಟ, ಒಂದು ಅನಿಷ್ಟ ಹೇಳಿ ಕುಳಿತರು. ಪೂರ್ವಿ ಎಂಬ ದಾದಿ ಕೊನೆಯವಳು. ಆಕೆ ಕುಳಿತ ಮೇಲೆ ಹಿಂದಿನ ಬೆಂಚಿನಿಂದ ಶಿವಪ್ರಕಾಶರು ಎದ್ದರು.

“ಮಲಾಈ ಸಿಕಾಉನ ಮನ್ ಪರ್ಛ,” ಎಂದರು. ನನಗೆ ಕಲಿಸುವುದು ಇಷ್ಟ. “ಮಲಾಈ ಯೋ ಕಕ್ಷಾ ಮನ್ ಪರ್ಛ.” ನನಗೆ ಈ ತರಗತಿ ಇಷ್ಟ. ಆಮೇಲೆ, “ಚುಪ್ ಬಸ್ನ ಮನ್ ಪರ್ದೈನ.” ಸುಮ್ಮನೆ ಕೂರುವುದು ಇಷ್ಟವಿಲ್ಲ.

ಮೇಡಂ ನಡೆಯುತ್ತಿದ್ದವರು ನಿಂತರು. “ಏಳು ವಾರ ನನಗೂ ಸಮಾಧಾನ ಇರಲಿಲ್ಲ, ಶಿವಪ್ರಕಾಶ. ನಾ ಮತ್ತ ಕೇಳಿದ್ದರ ನನ್ನ ಒತ್ತಾಯಕ್ಕ ನೀ ಒಪ್ಪಿದಂಗ ಆಗತಿತ್ತು. ಹೋಗು, ಇದನ್ನ ನನಗಲ್ಲ, ಮ್ಯಾಲೆ ಹೋಗಿ ವಿಜಯಕುಮಾರರಿಗೆ ಹೇಳು.”

ಒಂದು ಶಿಫಾರಸು ಪತ್ರವನ್ನೂ ಅವರು ಬರೆದುಕೊಡಲಿಲ್ಲ. ಶಿವಪ್ರಕಾಶರು ಒಬ್ಬರೇ ಮೇಲೆ ಹೋಗಿ, ನಿರ್ದೇಶಕರ ಮುಂದೆ ನಿಂತು, ಈ ಸಲ ಅಚ್ಚ ಕನ್ನಡದಲ್ಲಿ ತಮಗೆ ಈ ಕೆಲಸ ಬೇಕು ಎಂದರು. ಬೇಕು ಎಂಬ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಮೊದಲೇ ಹೇಳಬಾರದಿತ್ತೆ ಎಂದು ಗೊಣಗುತ್ತಲೇ ವಿಜಯಕುಮಾರರು ಸುತ್ತೋಲೆಯನ್ನು ಹಿಂತೆಗೆದುಕೊಂಡರು. ಒಂದು ವರ್ಷ ನಡೆಸಿ ನೋಡೋಣ ಎಂದಾಯಿತು.

ಕೆಳಗೆ ಬಂದಾಗ ಮೇಡಂ ತಮ್ಮ ಕಪಾಟು ಖಾಲಿ ಮಾಡುತ್ತಿದ್ದರು. ಶಿವಪ್ರಕಾಶರ ಕಣ್ಣು ತುಂಬಿತ್ತು. ಗುರುವಾರಕ್ಕೊಮ್ಮೆಯಾದರೂ ಬಂದು ತಮ್ಮ ಜೊತೆ ಪಾಠ ಹೇಳಬೇಕೆಂದು ಕೇಳಿಕೊಂಡರು. ಮೇಡಂ ಕಪಾಟಿನಿಂದ ತಲೆ ಎತ್ತಿದರು.

“ಇಲ್ಲಪ್ಪಾ, ನನಗ ಮನಸ್ಸಿಲ್ಲ. ಮೂವತ್ತೊಂದು ವರ್ಷ ನಿಂತು ಕಲಿಸೀನಿ. ನಾಂಪಲ್ಲಿಯೊಳಗ ಒಬ್ಬರು ತಬಲಾ ಕಲಸ್ತಾರ. ಇನ್ನ ಅಲ್ಲೆ ಕೂತು ಕಲೀತೀನಿ.”

ಒತ್ತಾಯ ಮಾಡಬೇಕೆಂದು ಶಿವಪ್ರಕಾಶರ ಬಾಯಿ ತೆರೆಯಿತು. ಅಂಬವ್ವನ ಮಗ ಅಲ್ಲವೆ! ಆದರೆ ತೆರೆದ ಬಾಯಿ ಹಾಗೆಯೇ ಮುಚ್ಚಿತು. “ಆತ್ರಿ ಮೇಡಂ” ಎಂದು ಪುಸ್ತಕದ ಗಂಟು ಎತ್ತಿಕೊಂಡು ಆಟೊದವರೆಗೆ ನಡೆದರು.

ಅಭಿನಂದನ ಸಮಿತಿಯವರಾದ ನಾವು ಈ ಬರಹದ ಕೊನೆಗೆ ‘ಮೇಡಂ ಅವರ ಸೇವೆ ನಮ್ಮ ಕೇಂದ್ರಕ್ಕೆ ಹೀಗೆಯೇ ಲಭಿಸುತ್ತಿರಲಿ’ ಎಂದು ಬರೆದಿದ್ದೆವು. ಕರಡು ನೋಡಿದ ಶಿವಪ್ರಕಾಶರು ಯಾರನ್ನೂ ಕೇಳದೆ ಆ ಸಾಲಿಗೆ ಗೀಟು ಎಳೆದು, ಕೆಳಗೆ ತಮ್ಮ ಕೈಯಾರೆ ಬರೆದದ್ದನ್ನೇ ಹಾಗೆಯೇ ಅಚ್ಚು ಹಾಕಿದ್ದೇವೆ: ಪ್ರಿಯಂವದಾ ಮೇಡಂ ಅವರಿಗೆ ದೇವರು ನೂರು ವರ್ಷ ಗಟ್ಟಿ ಆರೋಗ್ಯ ಕೊಡಲಿ, ಆ ವರ್ಷಗಳನ್ನು ಅವರು ನಮಗಾಗಿ ಅಲ್ಲ, ತಮಗೆ ಇಷ್ಟ ಬಂದಂತೆ ಕಳೆಯಲಿ.